ಪೋಸ್ಟ್‌ಡಾಕ್ ಸ್ಥಾನವನ್ನು ಹುಡುಕುವುದು ಹೇಗೆ?

ಪಿಎಚ್‌.ಡಿ. ಮಹಾಪ್ರಬಂಧದ ಕೊನೆಯ ಅಧ್ಯಾಯಗಳಲ್ಲಿ ಮುಳುಗಿರುವ ಓದುಗರಿಂದ ಪದೇ ಪದೇ ಬರುವ ಪ್ರಶ್ನೆ ಇದು: ವಿಶ್ವವಿದ್ಯಾಲಯಗಳ ಪೋಸ್ಟ್‌ಡಾಕ್ ಹುದ್ದೆಗಳ ಪಟ್ಟಿ ಎಲ್ಲಿ ಸಿಗುತ್ತದೆ, ಅರ್ಜಿ ಹಾಕುವುದು ಹೇಗೆ? ಬೇರೆ ಉದ್ಯೋಗಗಳಂತೆ ಇಲ್ಲಿಯೂ ಖಾಲಿ ಹುದ್ದೆಗಳೆಲ್ಲ ಒಂದು ಕಡೆ ಪ್ರಕಟವಾಗುತ್ತವೆ ಎಂಬ ಎಣಿಕೆ ಈ ಪ್ರಶ್ನೆಯ ಹಿಂದಿದೆ. ವಾಸ್ತವದಲ್ಲಿ ಪ್ರಕಟಣೆಗೆ ಬರುವುದು ಒಂದು ಪಾಲು ಮಾತ್ರ. ಇನ್ನೊಂದು ಪಾಲು ಸಂಶೋಧಕರ ನಡುವಿನ ಪತ್ರವ್ಯವಹಾರದಲ್ಲೇ ಹುಟ್ಟಿ ಅಲ್ಲೇ ಭರ್ತಿಯಾಗುತ್ತದೆ. ಮತ್ತೊಂದು ಪಾಲು, ಅಭ್ಯರ್ಥಿ ತಾನೇ ಫೆಲೋಶಿಪ್ ಗೆದ್ದು ತಂದಾಗ ಮಾತ್ರ ಅಸ್ತಿತ್ವಕ್ಕೆ ಬರುತ್ತದೆ. ಆದ್ದರಿಂದ ಹುದ್ದೆ ಎಲ್ಲಿದೆ ಎಂದು ಕೇಳುವ ಮೊದಲು ಹಣ ಎಲ್ಲಿದೆ, ಅದು ಯಾರ ಕೈಯಲ್ಲಿದೆ, ಎಷ್ಟು ಕಾಲ ಉಳಿಯುತ್ತದೆ ಎಂದು ಕೇಳಿಕೊಳ್ಳಬೇಕು. ಮುಂದಿನ ಹಂತಗಳೆಲ್ಲ ಈ ಮೂರು ಪ್ರಶ್ನೆಗಳ ಸುತ್ತಲೇ ಹೆಣೆದುಕೊಂಡಿವೆ.

ಮೊದಲಿಗೆ ಕೆಲವು ಪದಗಳ ಅರ್ಥ. ಪೋಸ್ಟ್‌ಡಾಕ್ ಎಂದರೆ ಪಿಎಚ್‌.ಡಿ. ಪಡೆದವರು ಕಾಯಂ ಹುದ್ದೆಗೆ ಹೋಗುವ ಮೊದಲು ಹಿರಿಯ ಸಂಶೋಧಕರೊಬ್ಬರ ಗುಂಪಿನಲ್ಲಿ ಅಥವಾ ಒಂದು ವಿಭಾಗದಲ್ಲಿ ನಿಗದಿತ ಅವಧಿಗೆ, ಸಾಮಾನ್ಯವಾಗಿ ಒಂದರಿಂದ ಮೂರು ವರ್ಷ, ಪೂರ್ಣಕಾಲಿಕವಾಗಿ ಮಾಡುವ ಸಂಶೋಧನಾ ಕೆಲಸ. ಗುಂಪಿನ ಮುಖ್ಯಸ್ಥರನ್ನು ಪ್ರಧಾನ ಸಂಶೋಧಕ ಅಥವಾ ಪಿಐ ಎನ್ನುತ್ತಾರೆ. ಅವರ ಹೆಸರಿನಲ್ಲಿ ಒಂದು ಯೋಜನೆಗೆ ಮಂಜೂರಾದ ಹಣ ಗ್ರಾಂಟ್, ಅಂದರೆ ಸಂಶೋಧನಾ ಅನುದಾನ. ನಿಮ್ಮ ಹೆಸರಿನಲ್ಲಿ, ನಿಮ್ಮ ಪ್ರಸ್ತಾವಕ್ಕೆ ಮಂಜೂರಾಗುವ ಹಣ ಫೆಲೋಶಿಪ್.

1. ದಿನಾಂಕವನ್ನು ಹಿಂದಿನಿಂದ ಎಣಿಸಿ

ಕೆಲಸಕ್ಕೆ ಸೇರಬೇಕೆಂದಿರುವ ತಿಂಗಳಿನಿಂದ ಹಿಂದಕ್ಕೆ ಎಣಿಸುತ್ತಾ ಬನ್ನಿ. ವೀಸಾ ಮತ್ತು ನೇಮಕಾತಿಯ ಕಾಗದಪತ್ರಗಳಿಗೆ ಎರಡರಿಂದ ನಾಲ್ಕು ತಿಂಗಳು, ಸಂದರ್ಶನ ಮತ್ತು ನಿರ್ಧಾರಕ್ಕೆ ಒಂದೆರಡು ತಿಂಗಳು, ಪತ್ರ ಬರೆದು ಉತ್ತರಕ್ಕೆ ಕಾಯಲು ಇನ್ನೆರಡು ತಿಂಗಳು ಎಂದು ಹಿಡಿದರೂ ಪಿಐ ಬಳಿ ಹಣ ಸಿದ್ಧವಿರುವ ಸಂದರ್ಭದಲ್ಲೇ ಆರೇಳು ತಿಂಗಳು ಬೇಕು. ಫೆಲೋಶಿಪ್‌ ದಾರಿ ಹಿಡಿಯುವುದಾದರೆ ಒಂದು ವರ್ಷದಿಂದ ಒಂದೂವರೆ ವರ್ಷ ಮೊದಲೇ ಕೆಲಸ ಶುರುವಾಗಬೇಕು. ಏಕೆಂದರೆ ಆತಿಥೇಯ ಸಂಶೋಧಕರನ್ನು ಒಪ್ಪಿಸಿ, ಅವರೊಡನೆ ಪ್ರಸ್ತಾವ ಬರೆದು, ಸಲ್ಲಿಸಿ, ಫಲಿತಾಂಶಕ್ಕೆ ನಾಲ್ಕೈದು ತಿಂಗಳು ಕಾದ ಮೇಲಷ್ಟೇ ಹಣ ಬರುತ್ತದೆ. ಮೌಖಿಕ ಪರೀಕ್ಷೆ ಮುಗಿದ ಮೇಲೆ ಹುಡುಕಾಟ ಆರಂಭಿಸುವುದು ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ.

ಕೆಲವು ವಿಷಯಗಳಿಗೆ ತಮ್ಮದೇ ಋತುಮಾನವಿದೆ. ಖಗೋಳವಿಜ್ಞಾನ, ಸೈದ್ಧಾಂತಿಕ ಭೌತವಿಜ್ಞಾನ ಮತ್ತು ಗಣಿತದಲ್ಲಿ ಮುಂದಿನ ಶೈಕ್ಷಣಿಕ ವರ್ಷದ ಅರ್ಜಿಗಳು ಬಹುಪಾಲು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಮುಗಿದುಹೋಗುತ್ತವೆ. ಆ ಕಾಲ ತಪ್ಪಿದರೆ ಒಂದು ವರ್ಷವೇ ತಪ್ಪಿದಂತೆ. ಪ್ರಯೋಗಾಲಯ ಆಧಾರಿತ ಜೀವವಿಜ್ಞಾನ ಮತ್ತು ರಸಾಯನವಿಜ್ಞಾನದಲ್ಲಿ ಅಂತಹ ಕಾಲನಿಯಮವಿಲ್ಲ, ಅನುದಾನ ಬಂದಾಗ ಸ್ಥಾನ ತೆರೆಯುತ್ತದೆ. ನಿಮ್ಮ ವಿಷಯ ಯಾವ ಬಗೆಯದೆಂದು ಒಂದೆರಡು ವರ್ಷ ಮೊದಲು ಅದೇ ದಾರಿಯಲ್ಲಿ ಹೋದವರನ್ನು ಕೇಳಿದರೆ ಐದು ನಿಮಿಷದಲ್ಲಿ ತಿಳಿಯುತ್ತದೆ.

2. ಹಣದ ಮೂಲವನ್ನು ಅರಿತುಕೊಳ್ಳಿ

ಪೋಸ್ಟ್‌ಡಾಕ್ ಸಂಬಳ ಮೂರು ದಾರಿಗಳಿಂದ ಬರುತ್ತದೆ. ಮೂರರಲ್ಲಿಯೂ ನಿಮ್ಮ ಸ್ವಾತಂತ್ರ್ಯ ಬೇರೆ, ಅಪಾಯ ಬೇರೆ.

ಮೊದಲನೆಯದು ಪಿಐ ಅವರ ಗ್ರಾಂಟ್. ಇಲ್ಲಿ ಯೋಜನೆ ಈಗಾಗಲೇ ಬರೆದಾಗಿದೆ, ನೀವು ಅದರ ಒಂದು ಭಾಗವನ್ನು ಮಾಡಿ ಮುಗಿಸಬೇಕು. ನೇಮಕಾತಿ ಬೇಗ ಆಗುತ್ತದೆ. ಆದರೆ ಗ್ರಾಂಟ್ ಮುಗಿದರೆ ಸಾಮಾನ್ಯವಾಗಿ ಹುದ್ದೆಯೂ ಮುಗಿಯುತ್ತದೆ. ಐದು ವರ್ಷದ ಗ್ರಾಂಟಿನ ನಾಲ್ಕನೆಯ ವರ್ಷದಲ್ಲಿ ಸೇರುವವರಿಗೂ ಮೊದಲನೆಯ ವರ್ಷದಲ್ಲಿ ಸೇರುವವರಿಗೂ ಕಾಗದದ ಮೇಲೆ ಒಂದೇ ಹುದ್ದೆ ಕಾಣಬಹುದು, ಕೈಗೆ ಬರುವ ಕಾಲ ಮಾತ್ರ ಬೇರೆ ಬೇರೆ.

ಎರಡನೆಯದು ನಿಮ್ಮದೇ ಫೆಲೋಶಿಪ್. ಯುರೋಪಿನಲ್ಲಿ ಮಾರೀ ಸ್ಕ್ಲೊಡೊವ್‌ಸ್ಕಾ ಕ್ಯೂರಿ ಪೋಸ್ಟ್‌ಡಾಕ್ಟರಲ್ ಫೆಲೋಶಿಪ್ ಬಹಳ ಪರಿಚಿತ. ಇದಕ್ಕೆ ಯಾವ ದೇಶದವರೂ ಅರ್ಜಿ ಹಾಕಬಹುದು; ಆದರೆ ಕೊನೆಯ ದಿನಾಂಕದ ಹೊತ್ತಿಗೆ ಪಿಎಚ್‌.ಡಿ. ಮುಗಿದಿರಬೇಕು, ಮತ್ತು ಆ ದಿನಾಂಕಕ್ಕೆ ಹಿಂದಿನ 36 ತಿಂಗಳುಗಳಲ್ಲಿ ಆತಿಥೇಯ ದೇಶದಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ವಾಸಿಸಿರಬಾರದು, ಕೆಲಸವನ್ನೂ ಮಾಡಿರಬಾರದು. ಅಂದರೆ ಆ ದೇಶದಲ್ಲೇ ಪಿಎಚ್‌.ಡಿ. ಮಾಡಿದವರಿಗೆ ಅಲ್ಲೇ ಮುಂದುವರಿಯಲು ಇದು ಒದಗುವುದಿಲ್ಲ. ಇನ್ನೊಂದು ಎಚ್ಚರಿಕೆಯೂ ಇದೆ: ನಿಗದಿತ ಅಂಕಕ್ಕಿಂತ ಕಡಿಮೆ ಪಡೆದ ಅರ್ಜಿದಾರರು ಮರುವರ್ಷ ಅದೇ ಆತಿಥೇಯ ಸಂಸ್ಥೆಯೊಡನೆ ಮತ್ತೆ ಸಲ್ಲಿಸುವಂತಿಲ್ಲ. ಆದ್ದರಿಂದ ಹೇಗಿದ್ದರೂ ಒಮ್ಮೆ ಹಾಕಿ ನೋಡೋಣ ಎಂಬ ಅರೆಬೆಂದ ಅರ್ಜಿ ಇಲ್ಲಿ ನಿಜವಾಗಿಯೂ ನಷ್ಟ ತರುತ್ತದೆ. ಜರ್ಮನಿಯ ಅಲೆಕ್ಸಾಂಡರ್ ಫಾನ್ ಹಂಬೋಲ್ಟ್ ಪ್ರತಿಷ್ಠಾನ ಪಿಎಚ್‌.ಡಿ. ಮುಗಿದು ನಾಲ್ಕು ವರ್ಷದೊಳಗಿನವರಿಗೆ 6ರಿಂದ 24 ತಿಂಗಳ ಫೆಲೋಶಿಪ್ ಕೊಡುತ್ತದೆ. ಜಪಾನಿನ ಜೆಎಸ್‌ಪಿಎಸ್ ಯೋಜನೆಯಲ್ಲಿ ಈ ಮಿತಿ ಆರು ವರ್ಷ. ಜೀವವಿಜ್ಞಾನದವರಿಗೆ ಯುರೋಪಿನ ಅಣುಜೀವವಿಜ್ಞಾನ ಸಂಘಟನೆಯಾದ ಎಂಬೋ (EMBO) ಮತ್ತು ಹ್ಯೂಮನ್ ಫ್ರಾಂಟಿಯರ್ ಸೈನ್ಸ್ ಪ್ರೋಗ್ರಾಂಗಳ ಫೆಲೋಶಿಪ್‌ಗಳಿವೆ. ಎರಡೂ ದೇಶ ಬದಲಿಸಿ ಹೋಗುವವರಿಗಾಗಿಯೇ ಇರುವಂಥವು, ಎರಡನೆಯದಂತೂ ಪಿಎಚ್‌.ಡಿ. ವಿಷಯವನ್ನು ಬಿಟ್ಟು ಹೊಸದಕ್ಕೆ ಕೈಹಾಕುವವರನ್ನು ಬಯಸುತ್ತದೆ. ಬ್ರಿಟನ್ನಿಗೆ ಹೋಗಬಯಸುವವರಿಗೆ ನ್ಯೂಟನ್ ಇಂಟರ್‌ನ್ಯಾಷನಲ್ ಫೆಲೋಶಿಪ್ ಇದೆ.

ಅಮೆರಿಕದ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ಅಲ್ಲಿನ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಎಫ್‌32 ಫೆಲೋಶಿಪ್ ಆ ದೇಶದ ಪೌರರಿಗೆ ಮತ್ತು ಕಾಯಂ ನಿವಾಸಿಗಳಿಗೆ ಮಾತ್ರ. ಆದರೆ ಅದೇ ಸಂಸ್ಥೆಯ ಕೆ99/ಆರ್00 ಎಂಬ ಅನುದಾನಕ್ಕೆ ವಿದೇಶಿಯರೂ ಅರ್ಹರು. ಇದು ಪೋಸ್ಟ್‌ಡಾಕ್‌ನಿಂದ ಸ್ವತಂತ್ರ ಹುದ್ದೆಗೆ ದಾಟಲು ನೆರವಾಗುವ ಹಣವಾದರೂ, ಪೋಸ್ಟ್‌ಡಾಕ್ ಅನುಭವ ನಾಲ್ಕು ವರ್ಷ ಮೀರುವ ಮುನ್ನ ಅರ್ಜಿ ಹಾಕಬೇಕು. ಇಲ್ಲಿ ಹೇಳಿದ ಬಹುಪಾಲು ಯೋಜನೆಗಳಲ್ಲಿ ಹೀಗೆ ಒಂದು ಗಡಿಯಾರ ಓಡುತ್ತಿರುತ್ತದೆ, ಮತ್ತು ಅದು ನಿಮ್ಮ ಪದವಿಯ ದಿನಾಂಕದಿಂದಲೋ ಮೊದಲ ನೇಮಕಾತಿಯಿಂದಲೋ ಶುರುವಾಗುತ್ತದೆ. ಹೆರಿಗೆ, ಮಕ್ಕಳ ಪಾಲನೆ, ದೀರ್ಘ ಅನಾರೋಗ್ಯದ ಅವಧಿಯನ್ನು ಕಳೆಯಲು ಅನೇಕ ಯೋಜನೆಗಳು ಅವಕಾಶ ಕೊಡುತ್ತವೆ. ಕೇಳದಿದ್ದರೆ ಯಾರೂ ತಾವಾಗಿ ಕಳೆಯುವುದಿಲ್ಲ. ನಿಯಮಗಳು ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಆಯಾ ವರ್ಷದ ಅಧಿಕೃತ ಸೂಚನೆಯನ್ನು ನೀವೇ ಓದಬೇಕು. ಹಿಂದಿನ ವರ್ಷ ಗೆದ್ದ ಗೆಳೆಯರ ಮಾತು ಅದಕ್ಕೆ ಬದಲಿಯಾಗದು.

ಮೂರನೆಯದು ವಿಭಾಗ ಅಥವಾ ಸಂಸ್ಥೆಯೇ ಹಣ ಕೊಡುವ ಸ್ಥಾನ. ಗಣಿತದಲ್ಲಿ ಇದು ಸಾಮಾನ್ಯ, ಅನೇಕ ವೇಳೆ ಬೋಧನೆಯ ಹೊರೆಯೊಂದಿಗೆ ಬರುತ್ತದೆ. ಮಾನವಿಕ ವಿಷಯಗಳಲ್ಲಿಯೂ ಕೆಲವು ವಿಶ್ವವಿದ್ಯಾಲಯಗಳ ಫೆಲೋಗಳ ಸಂಘಗಳು, ಮಾನವಿಕ ಕೇಂದ್ರಗಳು ಇಂತಹ ಸ್ಥಾನಗಳನ್ನು ನೀಡುತ್ತವೆ. ಇಲ್ಲಿ ಒಬ್ಬ ಪಿಐ ಅವರ ಯೋಜನೆಗೆ ಕಟ್ಟುಬೀಳಬೇಕಿಲ್ಲ, ಆದರೆ ಸ್ಪರ್ಧೆ ಬಹಳ ಗಟ್ಟಿ.

3. ಗುಂಪುಗಳ ಪಟ್ಟಿಯನ್ನು ಮಾಡಿ

ಮೊದಲು ಜಾಹೀರಾತುಗಳನ್ನು ನೋಡಿ. ಯುರೋಪಿಗೆ ಯೂರಾಕ್ಸೆಸ್, ಬ್ರಿಟನ್ನಿಗೆ ಜಾಬ್ಸ್ ಎಸಿ ಯುಕೆ, ಗಣಿತಕ್ಕೆ ಮ್ಯಾಥ್‌ಜಾಬ್ಸ್, ಖಗೋಳಕ್ಕೆ ಅಮೆರಿಕನ್ ಆಸ್ಟ್ರೊನಾಮಿಕಲ್ ಸೊಸೈಟಿಯ ಜಾಬ್ ರಿಜಿಸ್ಟರ್, ಅಧಿಕಶಕ್ತಿ ಭೌತವಿಜ್ಞಾನಕ್ಕೆ ಇನ್‌ಸ್ಪೈರ್, ಮಾನವಿಕ ಮತ್ತು ಸಮಾಜವಿಜ್ಞಾನಕ್ಕೆ ಎಚ್‌-ನೆಟ್, ಹಲವು ವಿಷಯಗಳಿಗೆ ಅಕಾಡೆಮಿಕ್ ಜಾಬ್ಸ್ ಆನ್‌ಲೈನ್ ಮತ್ತು ನೇಚರ್ ಕೆರಿಯರ್ಸ್. ವಾರಕ್ಕೊಮ್ಮೆ ನೋಡಿದರೆ ಸಾಕು. ದಿನವೂ ನೋಡುವುದು ಕೆಲಸ ಮಾಡಿದ ಭ್ರಮೆಯನ್ನು ಕೊಡುತ್ತದೆಯೇ ಹೊರತು ಹೆಚ್ಚಿನ ಫಲವನ್ನಲ್ಲ.

ಹೆಚ್ಚಿನವರು ಮುಟ್ಟದ ಇನ್ನೊಂದು ದಾರಿ ಅನುದಾನಗಳ ಸಾರ್ವಜನಿಕ ದತ್ತಸಂಚಯಗಳು. ಯಾರಿಗೆ, ಯಾವ ವಿಷಯಕ್ಕೆ, ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ ಹಣ ಮಂಜೂರಾಗಿದೆ ಎಂಬುದನ್ನು ಅನೇಕ ದೇಶಗಳು ಬಹಿರಂಗವಾಗಿ ಪ್ರಕಟಿಸುತ್ತವೆ. ಅಮೆರಿಕದ ಆರೋಗ್ಯ ಸಂಶೋಧನೆಗೆ ಎನ್‌ಐಎಚ್ ರಿಪೋರ್ಟರ್, ಇತರ ವಿಜ್ಞಾನಗಳಿಗೆ ಎನ್‌ಎಸ್‌ಎಫ್ ಅವಾರ್ಡ್ ಸರ್ಚ್, ಐರೋಪ್ಯ ಒಕ್ಕೂಟಕ್ಕೆ ಕಾರ್ಡಿಸ್, ಬ್ರಿಟನ್ನಿಗೆ ಗೇಟ್‌ವೇ ಟು ರಿಸರ್ಚ್, ಜರ್ಮನಿಗೆ ಗೆಪ್ರಿಸ್, ಜಪಾನಿಗೆ ಕಾಕೆನ್. ನಿಮ್ಮ ವಿಷಯದ ನಾಲ್ಕೈದು ಪಾರಿಭಾಷಿಕ ಪದಗಳನ್ನು ಇವುಗಳಲ್ಲಿ ಹಾಕಿ, ಕಳೆದ ಒಂದು ವರ್ಷದಲ್ಲಿ ಆರಂಭವಾದ ಅನುದಾನಗಳನ್ನು ಆರಿಸಿಕೊಳ್ಳಿ. ಹೊಸ ಅನುದಾನ ಬಂದ ಪಿಐ ಮುಂದಿನ ತಿಂಗಳುಗಳಲ್ಲಿ ಜನರನ್ನು ನೇಮಿಸಲೇಬೇಕು. ಜಾಹೀರಾತು ಬರೆಯುವ ಮೊದಲೇ ನಿಮ್ಮ ಪತ್ರ ತಲುಪಿದರೆ ಅವರ ಕೆಲಸವೂ ಹಗುರವಾಗುತ್ತದೆ. ಐರೋಪ್ಯ ಸಂಶೋಧನಾ ಮಂಡಳಿಯ ಆರಂಭಿಕ ಅನುದಾನ, ಅಂದರೆ ಇಆರ್‌ಸಿ ಸ್ಟಾರ್ಟಿಂಗ್ ಗ್ರಾಂಟ್, ಐದು ವರ್ಷಕ್ಕೆ 15 ಲಕ್ಷ ಯೂರೋವರೆಗೆ ಇರುತ್ತದೆ, ಅದರಲ್ಲಿ ದೊಡ್ಡ ಪಾಲು ಸಂಬಳಕ್ಕೇ ಹೋಗುತ್ತದೆ. ಅದನ್ನು ಪಡೆದವರ ಪಟ್ಟಿ ಪ್ರಕಟವಾದ ದಿನವೇ ಅದನ್ನು ಓದಬೇಕು.

ಇವುಗಳ ಜೊತೆಗೆ, ನಿಮ್ಮ ಮಹಾಪ್ರಬಂಧದಲ್ಲಿ ಅತಿ ಹೆಚ್ಚು ಉಲ್ಲೇಖಿಸಿದ ಲೇಖನಗಳ ಕೊನೆಯ ಲೇಖಕರನ್ನು ನೋಡಿ. ಪ್ರಯೋಗಾಧಾರಿತ ವಿಷಯಗಳಲ್ಲಿ ಕೊನೆಯ ಹೆಸರು ಸಾಮಾನ್ಯವಾಗಿ ಪಿಐ ಅವರದು. ನಿಮ್ಮ ಮಾರ್ಗದರ್ಶಕರನ್ನು ಕೇಳಿ. ಸಮ್ಮೇಳನಗಳಿಗೆ ಹೋಗುವುದಾದರೆ ಯಾರನ್ನು ಭೇಟಿಯಾಗಬೇಕೆಂದು ಮೊದಲೇ ಗುರುತು ಹಾಕಿಕೊಂಡು, ಅವರಿಗೆ ವಾರದ ಮುಂಚೆ ಹದಿನೈದು ನಿಮಿಷ ಕೇಳಿ ಬರೆಯಿರಿ. ಪಟ್ಟಿ ಹದಿನೈದು ಇಪ್ಪತ್ತು ಹೆಸರುಗಳಿಗೆ ನಿಂತರೆ ಸಾಕು. ನೂರು ಹೆಸರಿನ ಪಟ್ಟಿ ಇದ್ದವರು ಒಬ್ಬರ ಕೆಲಸವನ್ನೂ ಓದಿರುವುದಿಲ್ಲ.

4. ಪತ್ರ ಬರೆಯುವ ಮೊದಲು ಗುಂಪಿನ ಒಳಗನ್ನು ವಿಚಾರಿಸಿ

ಅಭ್ಯರ್ಥಿಗಳು ಅತಿ ಕಡಿಮೆ ಸಮಯ ಕೊಡುವ ಹಂತ ಇದೇ, ನನ್ನ ಅಭಿಪ್ರಾಯದಲ್ಲಿ ಅತಿ ಹೆಚ್ಚು ಸಮಯ ಕೊಡಬೇಕಾದ ಹಂತವೂ ಇದೇ. ವಿಶ್ವವಿದ್ಯಾಲಯದ ಹೆಸರು ನಿಮ್ಮ ಎರಡು ಮೂರು ವರ್ಷಗಳನ್ನು ನಿರ್ಧರಿಸುವುದಿಲ್ಲ. ಒಂದು ಗುಂಪು, ಅದರ ಮುಖ್ಯಸ್ಥರು, ಅಲ್ಲಿನ ನಡವಳಿಕೆ ನಿರ್ಧರಿಸುತ್ತವೆ. ಹೆಸರಾಂತ ಸಂಸ್ಥೆಯ ಕೆಟ್ಟ ಗುಂಪಿಗಿಂತ ಸಾಧಾರಣ ಸಂಸ್ಥೆಯ ಒಳ್ಳೆಯ ಗುಂಪು ಎಷ್ಟೋ ಮೇಲು.

ಮೊದಲು ಕಣ್ಣಿಗೆ ಕಾಣುವುದನ್ನು ಪರೀಕ್ಷಿಸಿ. ಗುಂಪಿನ ಜಾಲತಾಣದಲ್ಲಿ ಹಿಂದಿನ ಸದಸ್ಯರ ಪಟ್ಟಿ ಇದೆಯೇ? ಅವರು ಈಗ ಎಲ್ಲಿದ್ದಾರೆ? ನೀವು ಅಧ್ಯಾಪಕ ಹುದ್ದೆ ಬಯಸುವುದಾದರೆ ಅಲ್ಲಿಂದ ಹೋದವರಲ್ಲಿ ಯಾರಾದರೂ ಅದನ್ನು ಪಡೆದಿದ್ದಾರೆಯೇ, ಕೈಗಾರಿಕೆಗೆ ಹೋಗಬಯಸುವುದಾದರೆ ಆ ದಾರಿ ಹಿಡಿದವರಿದ್ದಾರೆಯೇ ಎಂದು ನೋಡಿ. ಪೋಸ್ಟ್‌ಡಾಕ್‌ಗಳು ಮೊದಲ ಲೇಖಕರಾಗಿ ಪ್ರಕಟಿಸಿದ ಲೇಖನಗಳನ್ನು ಗುರುತಿಸಿ, ಅವರು ಸೇರಿದ ವರ್ಷಕ್ಕೂ ಪ್ರಕಟಣೆಯ ವರ್ಷಕ್ಕೂ ಇರುವ ಅಂತರವನ್ನು ಎಣಿಸಿ. ಮೂರು ವರ್ಷದ ಒಪ್ಪಂದಕ್ಕೆ ಸೇರುವವರಿಗೆ, ಐದು ವರ್ಷಕ್ಕೊಂದು ದೊಡ್ಡ ಲೇಖನ ಹೊರತರುವ ಗುಂಪು ಎಷ್ಟು ಕೀರ್ತಿವಂತವಾದರೂ ಇಕ್ಕಟ್ಟಿನದು. ಜಾಲತಾಣದಲ್ಲಿದ್ದು ಒಂದೂ ಲೇಖನದಲ್ಲಿ ಕಾಣಿಸದೆ ಮಾಯವಾದ ಹೆಸರುಗಳಿದ್ದರೆ ಅವನ್ನು ಬರೆದಿಟ್ಟುಕೊಳ್ಳಿ.

ಆಮೇಲೆ ಅಲ್ಲಿಂದ ಹೊರಬಂದವರನ್ನು ಮಾತನಾಡಿಸಿ. ಒಳಗಿರುವವರು ಎಚ್ಚರಿಕೆಯಿಂದ ಮಾತನಾಡುತ್ತಾರೆ, ಅದು ಸಹಜ. ಬಿಟ್ಟು ಎರಡು ಮೂರು ವರ್ಷವಾದವರಿಗೆ ಆ ಅಳುಕಿರುವುದಿಲ್ಲ. ಬರಹದಲ್ಲಿ ಹೇಳದ ಮಾತನ್ನು ಫೋನಿನಲ್ಲಿ ಹೇಳುತ್ತಾರೆ. ಪಿಐ ಒಳ್ಳೆಯವರೇ ಎಂದು ಕೇಳಿದರೆ ಹೌದು ಎಂಬ ಉತ್ತರವೇ ಬರುತ್ತದೆ. ಬದಲಿಗೆ ಹೀಗೆ ಕೇಳಿ: ಹಸ್ತಪ್ರತಿ ಕೊಟ್ಟ ಮೇಲೆ ಅವರು ಓದಿ ಹಿಂದಿರುಗಿಸಲು ಎಷ್ಟು ಕಾಲ ಹಿಡಿಯುತ್ತಿತ್ತು? ಒಂದೇ ಸಮಸ್ಯೆಯನ್ನು ಇಬ್ಬರಿಗೆ ಕೊಡುತ್ತಿದ್ದರೇ? ರಜೆ ಕೇಳಿದಾಗ ಏನಾಗುತ್ತಿತ್ತು? ಹೊರಡುವಾಗ ನಿಮ್ಮ ಯೋಜನೆಯ ಯಾವ ಭಾಗವನ್ನು ಜೊತೆಗೆ ಒಯ್ಯಲು ಬಿಟ್ಟರು? ಕೊನೆಯ ಪ್ರಶ್ನೆಗೆ ಬರುವ ಉತ್ತರದಿಂದ ನಿಮ್ಮ ಮುಂದಿನ ಸ್ವತಂತ್ರ ಸಂಶೋಧನೆ ಸಾಧ್ಯವೋ ಇಲ್ಲವೋ ಎಂಬುದು ಬಹುಮಟ್ಟಿಗೆ ತಿಳಿಯುತ್ತದೆ.

ಹೊಸದಾಗಿ ಪ್ರಯೋಗಾಲಯ ತೆರೆದ ಕಿರಿಯ ಪಿಐ ಬಗ್ಗೆ ಹೀಗೆ ವಿಚಾರಿಸಲು ಹಿಂದಿನವರು ಇರುವುದಿಲ್ಲ. ಅಂಥವರು ನಿಮ್ಮೊಡನೆ ಹೆಚ್ಚು ಸಮಯ ಕಳೆಯುತ್ತಾರೆ, ನಿಮ್ಮ ಲೇಖನ ಅವರಿಗೂ ಅಷ್ಟೇ ಮುಖ್ಯ. ಆದರೆ ಉಪಕರಣ ಬರುವುದು ತಡವಾದರೆ ನಿಮ್ಮ ಮೊದಲ ವರ್ಷ ಕೊಠಡಿ ಕಟ್ಟುವುದರಲ್ಲೇ ಹೋಗಬಹುದು. ಅವರು ಪೋಸ್ಟ್‌ಡಾಕ್ ಮಾಡಿದ ಕಡೆಯ ಸಹೋದ್ಯೋಗಿಗಳನ್ನು ಕೇಳಿ.

5. ಮೊದಲ ಪತ್ರ

ಜಾಹೀರಾತಿಲ್ಲದ ಕಡೆ ಬರೆಯುವ ಇಮೇಲ್ ಚಿಕ್ಕದಾಗಿರಬೇಕು, ಒಬ್ಬರಿಗೇ ಬರೆದದ್ದೆಂದು ಮೊದಲ ಎರಡು ಸಾಲಿನಲ್ಲಿ ಗೊತ್ತಾಗಬೇಕು. ಅನೇಕರು ಹೀಗೆ ಆರಂಭಿಸುತ್ತಾರೆ: "ಮಾನ್ಯರೇ, ತಮ್ಮ ಪ್ರತಿಷ್ಠಿತ ಪ್ರಯೋಗಾಲಯದ ಅತ್ಯುತ್ತಮ ಸಂಶೋಧನೆಯಿಂದ ನಾನು ಬಹಳ ಪ್ರಭಾವಿತನಾಗಿದ್ದೇನೆ." ಈ ವಾಕ್ಯವನ್ನು ಯಾರಿಗೆ ಬೇಕಾದರೂ ಕಳುಹಿಸಬಹುದು, ಆದ್ದರಿಂದಲೇ ಇದನ್ನು ಯಾರೂ ಓದುವುದಿಲ್ಲ. ಅದರ ಬದಲು ಹೀಗೆ ಬರೆದರೆ: "ಉಪ್ಪಿನ ಒತ್ತಡದ ಸಂಕೇತ ಬೇರಿನಲ್ಲಿ ಹರಡುವ ವೇಗವನ್ನು ತಾವು ಇತ್ತೀಚಿನ ಲೇಖನದಲ್ಲಿ ಇಡೀ ಬೇರಿನ ಸರಾಸರಿಯಾಗಿ ಅಳೆದಿದ್ದೀರಿ. ಒಂದೊಂದೇ ಜೀವಕೋಶದ ಮಟ್ಟದಲ್ಲಿ ಕ್ಯಾಲ್ಸಿಯಂ ಏರಿಳಿತವನ್ನು ಅಳೆಯುವ ವಿಧಾನವನ್ನು ನಾನು ಪಿಎಚ್‌.ಡಿ.ಯಲ್ಲಿ ರೂಪಿಸಿದ್ದೇನೆ, ಸಂಕೇತ ಎಲ್ಲಿ ತಡವಾಗುತ್ತದೆ ಎಂಬ ತಮ್ಮ ಪ್ರಶ್ನೆಗೆ ಅದು ನೇರವಾಗಿ ಒದಗಬಹುದು." ಓದುವವರಿಗೆ ಇಲ್ಲಿ ಮೂರು ಸಂಗತಿ ತಿಳಿಯುತ್ತವೆ: ನೀವು ಅವರ ಲೇಖನವನ್ನು ಓದಿದ್ದೀರಿ, ಅದರಲ್ಲಿ ಉಳಿದ ಪ್ರಶ್ನೆಯನ್ನು ಗುರುತಿಸಿದ್ದೀರಿ, ಅವರಲ್ಲಿಲ್ಲದ ಕೌಶಲವೊಂದನ್ನು ತರುತ್ತೀರಿ.

ಇದಾದ ಮೇಲೆ ಎರಡು ಮೂರು ವಾಕ್ಯದಲ್ಲಿ ನಿಮ್ಮ ಪಿಎಚ್‌.ಡಿ.ಯ ಮುಖ್ಯ ಫಲಿತಾಂಶ, ಯಾವ ತಿಂಗಳಿನಿಂದ ಸೇರಬಲ್ಲಿರಿ, ಯಾವ ಫೆಲೋಶಿಪ್‌ಗೆ ಅರ್ಜಿ ಹಾಕಲು ಸಿದ್ಧರಿದ್ದೀರಿ ಎಂಬುದನ್ನು ತಿಳಿಸಿ. ಫೆಲೋಶಿಪ್‌ನ ಹೆಸರು ಮತ್ತು ಕೊನೆಯ ದಿನಾಂಕವನ್ನು ನೀವೇ ಸೂಚಿಸಿದರೆ, ಸದ್ಯ ಹಣವಿಲ್ಲ ಎಂದು ಬರೆದು ಮುಗಿಸಬೇಕೆಂದಿದ್ದವರೂ ಎರಡನೆಯ ಬಾರಿ ಯೋಚಿಸುತ್ತಾರೆ. ಕೊನೆಯಲ್ಲಿ ಒಂದು ಸಣ್ಣ ಕೋರಿಕೆ ಇರಲಿ: ಇಪ್ಪತ್ತು ನಿಮಿಷ ಮಾತನಾಡಲು ಸಾಧ್ಯವೇ? ವಿಷಯದ ಸಾಲಿನಲ್ಲಿ ಪೋಸ್ಟ್‌ಡಾಕ್ ವಿಚಾರಣೆ ಎಂಬುದರ ಜೊತೆ ನಿಮ್ಮ ವಿಶೇಷ ಕ್ಷೇತ್ರವನ್ನೂ ಸೇರಿಸಿ. ಸಿ.ವಿ.ಯನ್ನು ಒಂದೇ ಪಿಡಿಎಫ್ ಆಗಿ ಲಗತ್ತಿಸಿ.

ಸಾಮಾನ್ಯ ತಪ್ಪುಗಳೂ ಇವೆ. ಒಂದೇ ವಿಭಾಗದ ಆರು ಮಂದಿಗೆ ಒಂದೇ ಪತ್ರ ಕಳುಹಿಸಬೇಡಿ, ಅವರು ಪರಸ್ಪರ ಮಾತನಾಡುತ್ತಾರೆ. ಹಳೆಯ ಪತ್ರವನ್ನು ತಿದ್ದಿ ಕಳುಹಿಸುವಾಗ ಹಿಂದಿನವರ ಹೆಸರು ಉಳಿದುಬಿಡುವುದು ನೀವಂದುಕೊಂಡದ್ದಕ್ಕಿಂತ ಹೆಚ್ಚಾಗಿ ನಡೆಯುತ್ತದೆ. ಉತ್ತರ ಬಾರದಿದ್ದರೆ ಎರಡು ವಾರದ ನಂತರ ಒಂದು ಬಾರಿ, ಎರಡೇ ಸಾಲಿನಲ್ಲಿ ನೆನಪಿಸಿ. ಅದಕ್ಕೂ ಉತ್ತರವಿಲ್ಲವಾದರೆ ಮುಂದಿನ ಹೆಸರಿಗೆ ಹೋಗಿ. ಮೌನದಲ್ಲಿ ತಿರಸ್ಕಾರವನ್ನು ಓದುವ ಅಗತ್ಯವಿಲ್ಲ, ಹೆಚ್ಚಿನ ಸಲ ಪತ್ರ ಬರೇ ಕೆಳಕ್ಕೆ ಸರಿದುಹೋಗಿರುತ್ತದೆ.

6. ದಾಖಲೆಗಳು

ಔಪಚಾರಿಕ ಅರ್ಜಿಗೆ ಸಾಮಾನ್ಯವಾಗಿ ಸಿ.ವಿ., ಪ್ರಕಟಣೆಗಳ ಪಟ್ಟಿ, ಕವರ್ ಲೆಟರ್, ಒಂದರಿಂದ ಐದು ಪುಟದ ಸಂಶೋಧನಾ ಹೇಳಿಕೆ ಮತ್ತು ಎರಡು ಮೂರು ಶಿಫಾರಸು ಪತ್ರಗಳು ಬೇಕು. ಸಿ.ವಿ.ಯಲ್ಲಿ ಪ್ರಕಟವಾದ, ಸ್ವೀಕೃತವಾದ, ಪರಿಶೀಲನೆಯಲ್ಲಿರುವ ಲೇಖನಗಳನ್ನು ಬೇರೆ ಬೇರೆಯಾಗಿ ತೋರಿಸಿ. ಪರಿಶೀಲನೆಯಲ್ಲಿದೆ ಎಂದು ಬರೆದುದಕ್ಕೆ ಪ್ರೀಪ್ರಿಂಟ್ ಇದ್ದರೆ, ಅಂದರೆ ವಿಮರ್ಶೆಗೆ ಮುನ್ನ ಆರ್‌ಕೈವ್ ಅಥವಾ ಬಯೋಆರ್‌ಕೈವ್‌ನಲ್ಲಿ ಬಹಿರಂಗವಾಗಿಟ್ಟ ಪ್ರತಿ ಇದ್ದರೆ, ಓದುವವರಿಗೆ ನಂಬಲು ಆಧಾರ ಸಿಗುತ್ತದೆ. ತಯಾರಿಯಲ್ಲಿದೆ ಎಂಬ ಶೀರ್ಷಿಕೆಯಡಿ ಐದು ಲೇಖನ ಪೋಣಿಸುವುದರಿಂದ ಲಾಭವಿಲ್ಲ.

ಸಂಶೋಧನಾ ಹೇಳಿಕೆಯಲ್ಲಿ ಮೂರನೆಯ ಒಂದು ಭಾಗ ಮಾಡಿದ್ದಕ್ಕೆ, ಉಳಿದದ್ದು ಮಾಡಲಿರುವುದಕ್ಕೆ ಇರಲಿ. ಆತಿಥೇಯ ಗುಂಪಿನ ಕೆಲಸವನ್ನೇ ಪುನರುಚ್ಚರಿಸುವ ಪ್ರಸ್ತಾವ ಆಯ್ಕೆಯಾಗುವುದು ಕಷ್ಟ, ಅದಕ್ಕೆ ಸಂಬಂಧವೇ ಇಲ್ಲದ ಪ್ರಸ್ತಾವವೂ ಹಾಗೆಯೇ. ಮೊದಲ ಪ್ರಯೋಗ ಅಥವಾ ಮೊದಲ ವಾದ ಕೈಕೊಟ್ಟರೆ ಏನು ಮಾಡುತ್ತೀರಿ ಎಂಬುದನ್ನು ಒಂದು ಪರಿಚ್ಛೇದದಲ್ಲಾದರೂ ಬರೆಯಿರಿ. ಪರಿಶೀಲಕರು ಅದನ್ನೇ ಹುಡುಕುತ್ತಿರುತ್ತಾರೆ.

ಶಿಫಾರಸು ಪತ್ರಗಳ ವಿಷಯದಲ್ಲಿ ಎರಡು ಮಾತು. ಪತ್ರ ಬರೆಯುವಿರಾ ಎಂದು ಕೇಳಬೇಡಿ. ನನ್ನ ಕೆಲಸದ ಬಗ್ಗೆ ಒತ್ತಿ ಹೇಳಬಲ್ಲಿರಾ ಎಂದು ಕೇಳಿ, ಹಿಂಜರಿಕೆ ಕಂಡರೆ ಬೇರೆಯವರ ಬಳಿ ಹೋಗಿ. ಹೆಸರಾಂತರು ಬರೆದ ನಾಲ್ಕು ಸಾಲಿಗಿಂತ ನಿಮ್ಮ ಜೊತೆ ಕೆಲಸ ಮಾಡಿದವರು ಬರೆದ ಎರಡು ಪುಟಕ್ಕೆ ಬೆಲೆ ಹೆಚ್ಚು. ಕನಿಷ್ಠ ಒಂದು ತಿಂಗಳ ಕಾಲಾವಕಾಶ ಕೊಟ್ಟು, ಎಲ್ಲ ಕೊನೆಯ ದಿನಾಂಕಗಳನ್ನು ಒಂದೇ ಪಟ್ಟಿಯಲ್ಲಿ ಕಳುಹಿಸಿ. ಪಿಎಚ್‌.ಡಿ. ಮಾರ್ಗದರ್ಶಕರ ಪತ್ರ ಇಲ್ಲದಿದ್ದರೆ ಆಯ್ಕೆ ಸಮಿತಿ ಕಾರಣ ಹುಡುಕುತ್ತದೆ. ಅವರೊಡನೆ ಸಂಬಂಧ ಕೆಟ್ಟಿದ್ದರೆ, ಸಲಹಾ ಸಮಿತಿಯ ಇನ್ನೊಬ್ಬ ಹಿರಿಯರು ತಮ್ಮ ಪತ್ರದಲ್ಲಿ ಆ ವಿಷಯವನ್ನು ಸೌಮ್ಯವಾಗಿ ಪ್ರಸ್ತಾಪಿಸುವಂತೆ ಕೋರಿಕೊಳ್ಳಬಹುದು.

7. ಸಂದರ್ಶನ

ಸಾಮಾನ್ಯವಾಗಿ ಮೊದಲು ಅರ್ಧ ಗಂಟೆಯ ವೀಡಿಯೊ ಮಾತುಕತೆ, ಆಮೇಲೆ 45 ನಿಮಿಷದಿಂದ ಒಂದು ಗಂಟೆಯ ಉಪನ್ಯಾಸ, ಗುಂಪಿನ ಸದಸ್ಯರೊಡನೆ ಒಬ್ಬೊಬ್ಬರಾಗಿ ಭೇಟಿ. ಉಪನ್ಯಾಸದಲ್ಲಿ ನಿಮ್ಮದೇ ಕೆಲಸ ಯಾವುದು, ಸಹೋದ್ಯೋಗಿಗಳದು ಯಾವುದು ಎಂಬುದನ್ನು ಸ್ಪಷ್ಟಪಡಿಸಿ. ಗೊತ್ತಿಲ್ಲದ ಪ್ರಶ್ನೆ ಬಂದರೆ ಗೊತ್ತಿಲ್ಲ ಎಂದು ಹೇಳಿ, ಅದನ್ನು ಹೇಗೆ ಪರೀಕ್ಷಿಸುವಿರೆಂದು ವಿವರಿಸಿ. ಪೋಸ್ಟ್‌ಡಾಕ್ ಆಗಿ ನೀವು ದಿನವೂ ಮಾಡಬೇಕಾದದ್ದು ಅದೇ ಕೆಲಸ.

ನೀವು ಕೇಳಬೇಕಾದ ಪ್ರಶ್ನೆಗಳೂ ಅಷ್ಟೇ ಮುಖ್ಯ. ಸಂಬಳ ಯಾವ ಅನುದಾನದಿಂದ ಬರುತ್ತದೆ, ಅದು ಯಾವ ದಿನಾಂಕಕ್ಕೆ ಮುಗಿಯುತ್ತದೆ, ಮೊದಲ ಒಪ್ಪಂದ ಎಷ್ಟು ಕಾಲದ್ದು, ವಿಸ್ತರಣೆ ಯಾವುದರ ಮೇಲೆ ನಿಂತಿದೆ, ನನ್ನದೇ ಪ್ರಶ್ನೆಯ ಮೇಲೆ ವಾರದ ಎಷ್ಟು ಕಾಲ ಕೆಲಸ ಮಾಡಬಹುದು, ಬೋಧನೆ ಇದೆಯೇ? ಇವನ್ನು ಕೇಳುವುದು ಉದ್ಧಟತನವಲ್ಲ. ಅನುದಾನದ ಮುಕ್ತಾಯ ದಿನಾಂಕ ಕೇಳಿದಾಗ ಮುಖ ಬಿಗಿದುಕೊಳ್ಳುವ ಪಿಐ ನಿಮಗೆ ಆಗಲೇ ಉತ್ತರ ಕೊಟ್ಟಿದ್ದಾರೆ.

8. ಆಹ್ವಾನ ಬಂದ ಮೇಲೆ

ಬಾಯಿಮಾತಿನ ಆಹ್ವಾನ ಆಹ್ವಾನವಲ್ಲ; ಸಂಬಳ, ಅವಧಿ, ಆರಂಭದ ದಿನಾಂಕ, ಆರೋಗ್ಯ ವಿಮೆ ಇವೆಲ್ಲ ಬರಹದಲ್ಲಿ ಬರುವವರೆಗೆ ಬೇರೆ ಅರ್ಜಿಗಳನ್ನು ಹಿಂತೆಗೆಯಬೇಡಿ. ನೀವು ನೌಕರರೋ ಫೆಲೋಗಳೋ ಎಂಬುದನ್ನು ಖಚಿತಪಡಿಸಿಕೊಳ್ಳಿ. ನೌಕರರಿಗೆ ಪಿಂಚಣಿ, ಹೆರಿಗೆ ರಜೆ, ನಿರುದ್ಯೋಗ ವಿಮೆ ಅನ್ವಯಿಸುವ ಕಡೆಗಳಲ್ಲಿ ಸ್ಟೈಪೆಂಡ್ ಪಡೆಯುವ ಫೆಲೋಗಳಿಗೆ ಅವು ಸಿಗದಿರಬಹುದು. ಕೈಗೆ ಬರುವ ಮೊತ್ತ ಒಂದೇ ಎನಿಸಿದರೂ ವ್ಯತ್ಯಾಸ ದೊಡ್ಡದು. ಸಂಬಳ ಅನೇಕ ಕಡೆ ಶ್ರೇಣಿಯಿಂದ ನಿಗದಿಯಾಗಿರುತ್ತದೆ: ಜರ್ಮನಿಯಲ್ಲಿ ಪೋಸ್ಟ್‌ಡಾಕ್ ಸಾಮಾನ್ಯವಾಗಿ ಇ13 ಶ್ರೇಣಿಗೆ ಬರುತ್ತಾರೆ, ಅಮೆರಿಕದ ಅನೇಕ ವಿಶ್ವವಿದ್ಯಾಲಯಗಳು ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ದರಪಟ್ಟಿಯನ್ನು ಅನುಸರಿಸುತ್ತವೆ. ಶ್ರೇಣಿಯನ್ನು ಬದಲಿಸಲಾಗದಿದ್ದರೂ ಅದರೊಳಗಿನ ಮೆಟ್ಟಿಲು, ಸ್ಥಳಾಂತರ ವೆಚ್ಚ, ಸಮ್ಮೇಳನ ಪ್ರಯಾಣ, ಕಂಪ್ಯೂಟರ್, ಸೇರುವ ದಿನಾಂಕ ಇವುಗಳ ಬಗ್ಗೆ ಮಾತನಾಡಲು ಅವಕಾಶವಿದೆ.

ನಿರ್ಧಾರಕ್ಕೆ ಕಾಲ ಕೇಳಿ. ಒಂದೆರಡು ವಾರ ಕೇಳುವುದು ವಾಡಿಕೆ. ಖಗೋಳವಿಜ್ಞಾನದಲ್ಲಿ, ಫೆಬ್ರವರಿ 15ಕ್ಕೆ ಮುನ್ನ ಉತ್ತರ ಕೊಡಲೇಬೇಕೆಂದು ಪೋಸ್ಟ್‌ಡಾಕ್ ಅಭ್ಯರ್ಥಿಗಳನ್ನು ಒತ್ತಾಯಿಸಬಾರದೆಂಬುದು ಅಮೆರಿಕನ್ ಆಸ್ಟ್ರೊನಾಮಿಕಲ್ ಸೊಸೈಟಿಯ ನೀತಿ. ಇಂತಹ ಒಪ್ಪಂದ ನಿಮ್ಮ ವಿಷಯದಲ್ಲಿದ್ದರೆ ಅದನ್ನು ವಿನಯದಿಂದ ನೆನಪಿಸಬಹುದು. ಒಪ್ಪಿಕೊಂಡ ದಿನವೇ ಉಳಿದವರಿಗೆಲ್ಲ ತಿಳಿಸಿ. ಒಪ್ಪಿಕೊಂಡು ಆಮೇಲೆ ಹಿಂದೆ ಸರಿಯುವುದನ್ನು ಸಣ್ಣ ಕ್ಷೇತ್ರಗಳಲ್ಲಿ ಯಾರೂ ಮರೆಯುವುದಿಲ್ಲ.

ಸಂದರ್ಶನವಿಲ್ಲದೆ ಬಂದ ಆಹ್ವಾನ, ವಿಶ್ವವಿದ್ಯಾಲಯದ್ದಲ್ಲದ ಉಚಿತ ಇಮೇಲ್ ವಿಳಾಸ, ವೀಸಾ ಅಥವಾ ನೋಂದಣಿ ಶುಲ್ಕವನ್ನು ವ್ಯಕ್ತಿಯೊಬ್ಬರ ಖಾತೆಗೆ ಕಟ್ಟುವಂತೆ ಸೂಚನೆ: ಇವುಗಳಲ್ಲಿ ಒಂದು ಕಂಡರೂ ಅದು ವಂಚನೆ ಎಂದೇ ತಿಳಿದು, ವಿಭಾಗದ ಅಧಿಕೃತ ದೂರವಾಣಿಗೆ ಕರೆ ಮಾಡಿ ವಿಚಾರಿಸಿ. ಕೆಲಸ ಕೊಡಲು ವಿಶ್ವವಿದ್ಯಾಲಯ ನಿಮ್ಮಿಂದ ಹಣ ಪಡೆಯುವುದಿಲ್ಲ.

9. ವೀಸಾ ಮತ್ತು ಕಾಗದಪತ್ರ

ಬೇರೆ ದೇಶಕ್ಕೆ ಹೋಗುವವರು ಯಾವ ವೀಸಾ ಎಂಬುದನ್ನು ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ ಕೇಳಬೇಕು. ಅಮೆರಿಕದಲ್ಲಿ ಪೋಸ್ಟ್‌ಡಾಕ್‌ಗಳಿಗೆ ಸಾಮಾನ್ಯವಾಗಿ ಕೊಡುವುದು ಜೆ-1 ವೀಸಾ. ಅದರ ಸಂಶೋಧಕ ವರ್ಗದಲ್ಲಿ ಗರಿಷ್ಠ ಐದು ವರ್ಷ ಇರಬಹುದು, ಆದರೆ ನಡುವೆ ಬಿಟ್ಟು ಹೊರಬಂದರೆ ಅದೇ ವರ್ಗದಲ್ಲಿ ಮರಳಲು 24 ತಿಂಗಳು ಕಾಯಬೇಕು. ಕೆಲವರಿಗೆ ಇದರ ಮೇಲೆ ಎರಡು ವರ್ಷ ಸ್ವದೇಶದಲ್ಲಿ ಇರಲೇಬೇಕೆಂಬ ಷರತ್ತೂ ಅನ್ವಯಿಸುತ್ತದೆ. ಅದನ್ನು ಪೂರೈಸುವವರೆಗೆ ಅಥವಾ ವಿನಾಯಿತಿ ಪಡೆಯುವವರೆಗೆ ಎಚ್‌-1ಬಿ ವೀಸಾಕ್ಕೂ ಕಾಯಂ ನಿವಾಸಕ್ಕೂ ದಾರಿ ಮುಚ್ಚಿರುತ್ತದೆ. ಬ್ರಿಟನ್ನಿನಲ್ಲಿ ವಿಜ್ಞಾನ ಮತ್ತು ಎಂಜಿನಿಯರಿಂಗ್‌ನ ಕೆಲವು ಕ್ಷೇತ್ರಗಳಿಗೆ ಅನೇಕ ದೇಶಗಳ ಪೌರರು ವೀಸಾ ಅರ್ಜಿಗೂ ಮೊದಲು ಎಟಿಎಎಸ್ ಎಂಬ ಪ್ರಮಾಣಪತ್ರ ಪಡೆಯಬೇಕು, ಅದಕ್ಕೇ ವಾರಗಟ್ಟಲೆ ಹಿಡಿಯುತ್ತದೆ. ಜರ್ಮನಿಯಲ್ಲಿ ವಿಶ್ವವಿದ್ಯಾಲಯಗಳ ತಾತ್ಕಾಲಿಕ ಒಪ್ಪಂದಗಳಿಗೆ ಪಿಎಚ್‌.ಡಿ. ನಂತರ ಆರು ವರ್ಷ, ವೈದ್ಯಕೀಯದಲ್ಲಿ ಒಂಬತ್ತು ವರ್ಷ ಎಂಬ ಕಾನೂನಿನ ಮಿತಿಯಿದೆ. ಹೊರಗಿನ ಅನುದಾನದ ಒಪ್ಪಂದಗಳಿಗೆ ನಿಯಮ ಬೇರೆ. ದೀರ್ಘಕಾಲ ಅಲ್ಲೇ ಉಳಿಯುವ ಯೋಚನೆಯಿದ್ದರೆ ಇದನ್ನು ಮಾನವ ಸಂಪನ್ಮೂಲ ವಿಭಾಗದಲ್ಲಿ ಕೇಳಿ ತಿಳಿದುಕೊಳ್ಳಿ.

ಪದವಿ ಪ್ರಮಾಣಪತ್ರ ಘಟಿಕೋತ್ಸವದವರೆಗೆ ಬಾರದಿದ್ದರೆ, ಪದವಿಯ ಎಲ್ಲ ಷರತ್ತು ಪೂರೈಸಿದ್ದಾರೆ ಎಂಬ ಪತ್ರವನ್ನು ಕುಲಸಚಿವರ ಕಚೇರಿಯಿಂದ ಮೊದಲೇ ಪಡೆಯಿರಿ, ಪಿಎಚ್‌.ಡಿ. ಸಿಗುವ ದಿನಾಂಕ ಜಾರಿದರೆ ಎಷ್ಟು ಕಾಲ ಕಾಯುತ್ತೀರಿ ಎಂದು ಹೊಸ ಸಂಸ್ಥೆಯನ್ನೂ ಕೇಳಿಡಿ. ಹಳೆಯ ಗುಂಪಿನಲ್ಲಿ ಉಳಿದಿರುವ ಲೇಖನಗಳ ಹಸ್ತಪ್ರತಿಗಳನ್ನು ಯಾರು ಮುಗಿಸುತ್ತಾರೆ, ದತ್ತಾಂಶದ ಪ್ರತಿ ಯಾರ ಬಳಿ ಇರುತ್ತದೆ, ಲೇಖಕರ ಅನುಕ್ರಮ ಏನು ಎಂಬುದನ್ನು ಹೊರಡುವ ಮುನ್ನ ಮಾರ್ಗದರ್ಶಕರೊಡನೆ ಮಾತನಾಡಿ, ಆ ಮಾತುಕತೆಯ ಸಾರಾಂಶವನ್ನು ಅದೇ ದಿನ ಅವರಿಗೆ ಇಮೇಲ್‌ನಲ್ಲಿ ಕಳುಹಿಸಿ.